ಎರಡನೆಯ ಚೆಂಡು

ಹಾಕಿ ಚೆಂಡು ಮನುಷ್ಯನ ಮುಖಕ್ಕೆ ಬಡಿದಾಗ ಆಗುವ ಸದ್ದು ದೊಡ್ಡದಲ್ಲ. ತೆಂಗಿನಕಾಯಿ ಒಡೆದ ಹಾಗಿತ್ತು ಎಂದು ಆಮೇಲೆ ಯಾರೋ ಹೇಳಿದರು. ನನಗೆ ಕೇಳಿಸಿದ್ದು ಬೇರೆ. ಒದ್ದೆ ಬಟ್ಟೆಯ ಗಂಟನ್ನು ಒಗೆಯುವ ಕಲ್ಲಿಗೆ ಒಮ್ಮೆ ಅಪ್ಪಳಿಸಿದ ಹಾಗೆ, ಆ ಗಂಟಿನೊಳಗೆ ಯಾರೋ ಮರೆತಿದ್ದ ಬಾಚಣಿಗೆ ಮುರಿದ ಹಾಗೆ. ಆ ಮುಖ ನನ್ನ ತಮ್ಮನದು. ಆ ಚೆಂಡನ್ನು ಆಟಕ್ಕೆ ಬಿಟ್ಟವಳು ನಾನು.

ಈ ಕತೆಯನ್ನು ಡಾಕ್ಟರಿಗೆ ಹೇಳಿದ್ದೇನೆ, ಪೊಲೀಸರಿಗೆ ಹೇಳಿದ್ದೇನೆ, ಹುಬ್ಬಳ್ಳಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಮೂರು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಒಂದು ಸಂಗತಿಯನ್ನು ಬಿಟ್ಟೆ. ತಮ್ಮನ ಎಡಗಣ್ಣು ಉಳಿಯುತ್ತದೋ ಇಲ್ಲವೋ ಎಂದು ಕಾದ ಏಳು ವಾರ ಅದನ್ನು ಅವನಿಂದಲೂ ಮುಚ್ಚಿಟ್ಟೆ. ಇಲ್ಲಿ ಬಿಡುವುದಿಲ್ಲ.

ನಾನು ಹೈದರಾಬಾದಿಗೆ ಬಂದದ್ದೇ ಹಾಕಿಯಿಂದ. ಕಾಲೇಜಿನಲ್ಲಿದ್ದಾಗ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದ್ದೆ; ಡಿಗ್ರಿ ಮುಗಿದ ಮೇಲೆ ಇಲ್ಲಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆ ಕ್ರೀಡಾ ಕೋಟಾದಲ್ಲಿ ಕೆಲಸ ಕೊಟ್ಟಿತು. ಈಗ ಅಲ್ಲಿ ಲೋಹದ ಸಣ್ಣ ಬಿಡಿಭಾಗಗಳ ಅಳತೆ ಪರೀಕ್ಷಿಸುತ್ತೇನೆ. ತಂಡದಲ್ಲಿ ನನಗಿದ್ದ ಹೆಸರು ಒಂದೇ ಕೆಲಸಕ್ಕೆ, ಪೆನಾಲ್ಟಿ ಕಾರ್ನರಿನಲ್ಲಿ ಚೆಂಡು ನೂಕುವುದಕ್ಕೆ. ಹಾಕಿ ನೋಡದವರಿಗೆ ಇದನ್ನು ಸ್ವಲ್ಪ ಹೇಳಬೇಕು. ಗೋಲಿನ ಮುಂದಿನ ಅರ್ಧವೃತ್ತದಲ್ಲಿ ರಕ್ಷಣೆಯವರು ತಪ್ಪು ಮಾಡಿದರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಗೋಲಿನ ಪಕ್ಕದ ಗೆರೆಯಿಂದ ಒಬ್ಬರು ಚೆಂಡನ್ನು ನೂಕುತ್ತಾರೆ. ಅರ್ಧವೃತ್ತದ ತುದಿಯಲ್ಲಿ ಇನ್ನೊಬ್ಬರು ಅದನ್ನು ನಿಲ್ಲಿಸುತ್ತಾರೆ. ಮೂರನೆಯವನು ಅದನ್ನು ಸ್ಟಿಕ್ಕಿನಲ್ಲಿ ಎಳೆದು ಕವಣೆಕಲ್ಲಿನಂತೆ ಗೋಲಿಗೆ ಎಸೆಯುತ್ತಾನೆ, ಅವನು ಫ್ಲಿಕರ್. ಚೆಂಡು ಗೆರೆ ಬಿಟ್ಟ ಕ್ಷಣ ಗೋಲಿನೊಳಗಿಂದ ಒಬ್ಬ ರಕ್ಷಣಾ ಆಟಗಾರ ಈ ಫ್ಲಿಕರ್‌ನತ್ತ ನೇರವಾಗಿ ಓಡಿ ಬರುತ್ತಾನೆ. ಅವನು ಮೊದಲ ಓಟಗಾರ. ಸ್ಟಿಕ್ಕಿನಿಂದ ತಡೆದರೆ ಸರಿ, ಇಲ್ಲದಿದ್ದರೆ ಮೊಣಕಾಲು, ತೊಡೆ, ಎದೆ, ಯಾವುದು ಅಡ್ಡ ಬಂದರೆ ಅದರಿಂದ.

ಕಾರ್ಖಾನೆಯ ಕಾಲೊನಿಯ ಹಿಂದೆ ಮಣ್ಣಿನ ಮೈದಾನವಿದೆ. ಊರಿನ ದೊಡ್ಡ ಕ್ರೀಡಾಂಗಣದಲ್ಲಿ ಕೃತಕ ಹುಲ್ಲಿನ ಹಸಿರು ಹಾಸು ಬದಲಿಸಿದಾಗ ಬಿಸಾಡಿದ ಹಳೆಯ ತುಂಡುಗಳನ್ನು ತಂದು ಒಂದು ಗೋಲಿನ ಮುಂದೆ ಮಾತ್ರ ಹಾಸಿದ್ದೇವೆ. ಭಾನುವಾರ ಬೆಳಿಗ್ಗೆ ನಾವು ಹದಿನೈದಿಪ್ಪತ್ತು ಜನ ಅಲ್ಲಿ ಸೇರುತ್ತಿದ್ದೆವು. ಕನ್ನಡದವರು, ತೆಲುಗಿನವರು, ಉರ್ದುವಿನವರು, ಹೆಂಗಸು ನಾನೊಬ್ಬಳೇ. ಮುಕ್ಕಾಲು ಗಂಟೆ ಆಟ, ಆಮೇಲೆ ತಗಡಿನ ಶೆಡ್ಡಿನ ಕೆಳಗೆ ಚಹಾ ಮತ್ತು ಜಗಳ.

ಜಗಳ ನಮ್ಮ ಊರಿನ ಹೆಸರಿನಲ್ಲಿ ಆಡುವ ವೃತ್ತಿಪರ ತಂಡದ ಬಗ್ಗೆ. ಹಲವು ವರ್ಷ ನಿಂತುಹೋಗಿದ್ದ ಲೀಗ್ ಮತ್ತೆ ಶುರುವಾದಾಗಿನಿಂದ ನಮಗೆ ಅದೇ ಹುಚ್ಚು. ಹರಾಜಿನಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾವ ವಿದೇಶಿಯವನಿಗೆ ಅಷ್ಟು ಬೆಲೆ ಏಕೆ, ಇದೆಲ್ಲ ತಂಡದ ಮಾಲೀಕರಿಗಿಂತ ನಮಗೆ ಚೆನ್ನಾಗಿ ಗೊತ್ತಿತ್ತು. ಶೆಡ್ಡಿನ ಗೋಡೆಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಸೀಮೆಸುಣ್ಣದಲ್ಲಿ ತಂಡದ ಪಟ್ಟಿ ಬರೆಯುತ್ತಿದ್ದೆವು. ಯಾರು ಬೇಕಾದರೂ ಎದ್ದು ಒಬ್ಬ ಆಟಗಾರನ ಹೆಸರನ್ನು ಹೊಡೆದು ಹಾಕಬಹುದು. ಆದರೆ ಹಾಗೆ ಹೊಡೆದು ಹಾಕಿದವನು ಮೈದಾನಕ್ಕಿಳಿದು ಆ ಆಟಗಾರನ ಜಾಗದಲ್ಲಿ ಮೂರು ಚೆಂಡು ನಿಲ್ಲಬೇಕು. ಇದು ನಮ್ಮ ಪದ್ಧತಿ. ‘ಜಾಗಾ ನಿಲ್ಲೋದು’ ಎನ್ನುತ್ತಿದ್ದೆವು. ಗೋಲ್‌ಕೀಪರನನ್ನು ಬೈದವನು ಗೋಲಿನಲ್ಲಿ, ಫ್ಲಿಕರ್‌ನನ್ನು ಬೈದವನು ಫ್ಲಿಕ್ ಮಾಡಲು. ಹೊಟ್ಟೆ ಬಂದವರು ಏದುಸಿರು ಬಿಡುತ್ತ ನಿಂತಾಗ ಬಹಳ ನಗುತ್ತಿದ್ದೆವು. ಇದಕ್ಕೆ ಯಾವಾಗಲೂ ಮಕ್ಕಳಾಡುವ ಪೊಳ್ಳು ರಬ್ಬರ್ ಚೆಂಡನ್ನೇ ಬಳಸುತ್ತಿದ್ದೆವು. ಅದು ಮೈಗೆ ಬಡಿದರೆ ಕೆಂಪಗಾಗುತ್ತದೆ, ಅಷ್ಟೇ.

ಆದರೆ ಆ ವರ್ಷ ನಗು ಕಡಿಮೆಯಾಗುತ್ತಿತ್ತು. ತಂಡ ಸೋಲುತ್ತಿತ್ತು. ಒಂದು ಭಾನುವಾರ ಒಬ್ಬರು ಚಹಾದ ಗ್ಲಾಸನ್ನು ಗೋಡೆಯ ಪಟ್ಟಿಗೆ ಬೀಸಿ ಒಗೆದರು. ಇನ್ನೊಂದು ಭಾನುವಾರ ಒಬ್ಬ ವಿದೇಶಿ ಮಿಡ್‌ಫೀಲ್ಡರನ ದೆಸೆಯಿಂದ ಇಬ್ಬರು ಸಹೋದ್ಯೋಗಿಗಳು ಕಾಲರ್ ಹಿಡಿದುಕೊಂಡರು, ಸ್ಕೂಟರಿನ ಕನ್ನಡಿ ಒಡೆಯಿತು. ಆ ಮಿಡ್‌ಫೀಲ್ಡರನಿಗೆ ನಮ್ಮ ಕಾಲೊನಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಮೊಬೈಲ್ ಗುಂಪಿನಲ್ಲಿ ಬರೆಯುತ್ತಿದ್ದ ಬೈಗುಳಗಳನ್ನು ಇಲ್ಲಿ ಬರೆಯಲಾರೆ. ಆಗ ಅದೆಲ್ಲ ಅಭಿಮಾನದ ಬಿಸಿ ಎಂದುಕೊಂಡಿದ್ದೆ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಊರಿನ ಐಟಿ ಬಡಾವಣೆ ಮಾದಾಪುರದ ಒಂದು ಕಂಪನಿಯಲ್ಲಿ ಎಂಜಿನಿಯರ್, ನನ್ನ ಕ್ವಾರ್ಟರ್ಸಿನಲ್ಲೇ ಇದ್ದ. ಹಾಕಿ ಆಡಿದವನಲ್ಲ, ನೋಡಿದವನು. ಪ್ರತಿ ಪಂದ್ಯವನ್ನೂ ಎರಡೆರಡು ಸಲ ನೋಡಿ ಪ್ರತಿ ಆಟಗಾರನ ಗೋಲು, ಪಾಸು, ಕಸಿದ ಚೆಂಡು ಎಲ್ಲವನ್ನೂ ಲ್ಯಾಪ್‌ಟಾಪಿನ ಹಾಳೆಯಲ್ಲಿ ತುಂಬುತ್ತಿದ್ದ. ಕೊನೆಯ ಕಾಲಮ್ಮಿನಲ್ಲಿ ಆಟಗಾರನ ಬೆಲೆ ತಾನಾಗಿಯೇ ಮೂಡುತ್ತಿತ್ತು. ಅವನ ಲೆಕ್ಕ ಬಹಳ ಸಲ ಸರಿಯಾಗಿರುತ್ತಿತ್ತು, ಅದೇ ತೊಂದರೆ. ಎಲ್ಲರೂ ಅವನನ್ನು ‘ಮಾದಾಪುರ’ ಎಂದೇ ಕರೆಯುತ್ತಿದ್ದರು.

ಅವನ ಎದುರಾಳಿ ಎಂದರೆ ಕಾಕಾ. ಬೀದರ ಕಡೆಯವರು, ನಮ್ಮ ಕಾರ್ಖಾನೆಯಿಂದ ನಿವೃತ್ತರಾದವರು. ಎಲ್ಲರಿಗೂ ಅವರು ಕಾಕಾ. ಒಂದು ಕಾಲದಲ್ಲಿ ಕಾರ್ಖಾನೆಯ ತಂಡದ ಮೊದಲ ಓಟಗಾರ. ಹನ್ನೊಂದು ವರ್ಷ ಅದೇ ಓಟ ಓಡಿದ್ದರು. ಮುಂದಿನ ನಾಲ್ಕು ಹಲ್ಲು ಕಟ್ಟಿಸಿದ್ದು, ಎಡ ಕೆನ್ನೆಯಲ್ಲಿ ಹೆಬ್ಬೆರಳು ಇಡುವಷ್ಟು ತಗ್ಗು, ಬಲ ಮೊಣಕಾಲು ಮಡಚುವುದಿಲ್ಲ. ಅವರ ಮಗ ನಮ್ಮಲ್ಲೇ ಫಿಟ್ಟರ್, ಈಗಿನ ಕಾರ್ಖಾನೆ ತಂಡದ ಫ್ಲಿಕರ್. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ.

ಅದು ಜನವರಿಯ ಭಾನುವಾರ. ಹಿಂದಿನ ಸಂಜೆ ತಂಡ ಇನ್ನೊಮ್ಮೆ ಸೋತಿತ್ತು. ತಮ್ಮ ಬಂದವನೇ ಚಹಾ ಕೂಡ ಮುಟ್ಟದೆ ಗೋಡೆಯ ಹತ್ತಿರ ಹೋಗಿ ತಂಡದ ಹಿರಿಯ ಡಿಫೆಂಡರನ ಹೆಸರನ್ನು ಅಡ್ಡಗೆರೆ ಎಳೆದು ಹೊಡೆದ. ಆ ಡಿಫೆಂಡರ್ ತಂಡದ ಮೊದಲ ಓಟಗಾರ.

"ಏ ಮಾದಾಪುರ," ಕಾಕಾ ಕುಳಿತಲ್ಲಿಂದಲೇ ಕೂಗಿದರು, "ನಿನ್ನಿ ಮೂರು ಕಾರ್ನರ್ ತಡದಾನ ಅವ. ಕಣ್ಣಾಗ ಏನ್ ಹಾಕ್ಕೊಂಡು ಕುಂತಿದ್ದಿ?"

"ತಡದಾನ್ರಿ ಕಾಕಾ, ಇಲ್ಲ ಅನ್ನಂಗಿಲ್ಲ. ಆದ್ರ ಗೋಲ್ ಇಲ್ಲ, ಪಾಸ್ ಇಲ್ಲ. ಚೆಂಡು ಸಿಕ್ರ ಮುಂದ ಕೊಡಾಕ ಬರಂಗಿಲ್ಲ. ಅಷ್ಟು ರೊಕ್ಕ ಅವಗ್ಯಾಕ? ಅದರಾಗ ಒಬ್ಬ ಒಳ್ಳೆ ಫ್ಲಿಕರ್ ಬರ್ತಾನ."

"ಫ್ಲಿಕರ್ ಹೊಡಿತಾನ, ಖರೆ. ಇವ ಹೊಡಿಸಿಕೊಂತಾನ. ನಿನ್ನ ಹಾಳ್ಯಾಗ ಹೊಡಿಸಿಕೊಳ್ಳಾಕ ಎಲ್ಲಿ ಜಾಗಾ ಐತಿ, ತೋರಸು."

"ಹೊಡಿಸಿಕೊಳ್ಳಾಕ ಆಟಗಾರ ಯಾಕ್ರಿ ಬೇಕು? ಒಂದು ಬಾಗಲಾ ಕಿತ್ತು ಅಲ್ಲೆ ನಿಲ್ಲಸ್ರಿ. ಬಾಗಲಾ ಪಗಾರ ಕೇಳಂಗಿಲ್ಲ."

ಶೆಡ್ಡಿನಲ್ಲಿ ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು. ಅವರ ಮಗ ನಗಲಿಲ್ಲ. "ಬಾಯಿ ಸಂಭಾಳಸು," ಎಂದ. "ಎಸಿಯಾಗ ಕುಂತು ಬಟನ್ ಒತ್ತಾಂವ ನೀ. ಒಂದು ಚೆಂಡಿನ ಮುಂದ ನಿಂತೀಯೇನು ಹುಟ್ಟಿದಾಗಿಂದ?"

"ಹೆಸರು ಹೊಡದೀನಿ ಅಲ್ಲ, ನಿಲ್ತೀನಿ. ನಿಮ್ಮಪ್ಪಗ ಬಂದಿದ್ದು ನನಗ ಬರಂಗಿಲ್ಲೇನು?"

ನಾನು ತಮ್ಮನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಕಾಕಾರ ಮುಂದ ಹಂಗ ಮಾತಾಡಬ್ಯಾಡ," ಎಂದೆ. ಅವನು ಕೈ ಕೊಡವಿಕೊಂಡ. "ಅಕ್ಕಾ, ಆಟದ ಮಾತು ಇದು. ನಿನಗ ಸಿಟ್ಟ್ಯಾಕ?" ಸಿಟ್ಟು ಬಂದದ್ದು ನಿಜ. ನಾನು ಕಾರ್ಖಾನೆಗೆ ಸೇರಿದ ಹೊಸತರಲ್ಲಿ, ತಂಡದ ಗಂಡಸರು ನನ್ನ ಜೊತೆ ಅಭ್ಯಾಸಕ್ಕೆ ಒಲ್ಲೆ ಎಂದಾಗ, ಎರಡು ವರ್ಷ ಪ್ರತಿ ಸಂಜೆ ನನ್ನ ಚೆಂಡಿಗೆ ಓಡಿ ಬಂದವರು ಕಾಕಾ ಒಬ್ಬರೇ.

ಎಲ್ಲರೂ ಮೈದಾನಕ್ಕಿಳಿದೆವು. ನೂಕುವವಳು ಯಾವಾಗಿನಂತೆ ನಾನು. ನಿಲ್ಲಿಸುವವನು ಅಸೆಂಬ್ಲಿ ವಿಭಾಗದ ತೆಲುಗು ಗೆಳೆಯ. ಫ್ಲಿಕರ್ ಕಾಕಾನ ಮಗ. ಗೋಲಿನೊಳಗೆ ತಮ್ಮ, ಇನ್ನೊಬ್ಬರಿಂದ ಕೇಳಿ ತಂದ ಸ್ಟಿಕ್ ಹಿಡಿದು. ಕಾಕಾ ಶೆಡ್ಡಿನಿಂದ ಕುಂಟುತ್ತ ಬಂದು, ಮೊದಲ ಓಟಗಾರರು ಹಾಕಿಕೊಳ್ಳುವ ಮುಖದ ಕವಚವನ್ನು ಅವನಿಗೆ ಚಾಚಿದರು. ನಮ್ಮ ಹತ್ತಿರ ಇದ್ದದ್ದು ಅದೊಂದೇ, ಪಟ್ಟಿ ಸಡಿಲಾಗಿದ್ದು.

"ನಿಮ್ಮ ಕಾಲದಾಗ ಇತ್ತೇನ್ರಿ ಇದು?"

"ಎಲ್ಲಿಂದ ಬರಬೇಕು? ಹಲ್ಲು ನೋಡಿದ್ರ ಗೊತ್ತಾಗಂಗಿಲ್ಲೇನು?"

"ಹಂಗಾರ ನನಗೂ ಬ್ಯಾಡ್ರಿ. ಆಮ್ಯಾಲೆ ನೀವ ಅಂತೀರಿ, ಮಾದಾಪುರ ಮುಖ ಮುಚ್ಕೊಂಡು ನಿಂತ ಅಂತ."

ಕಾಕಾ ನನ್ನತ್ತ ನೋಡಿದರು. ರಬ್ಬರ್ ಚೆಂಡಲ್ಲವೇ ಎಂದುಕೊಂಡು ನಾನು ಸುಮ್ಮನಿದ್ದೆ. ಕಾಕಾ ಬದಿಗೆ ಹೋಗಿ ನಿಂತು ಚಪ್ಪಾಳೆ ತಟ್ಟಿದರು. ನಮಗೆ ಸೀಟಿ ಇರಲಿಲ್ಲ, ಕಾಕಾನ ಚಪ್ಪಾಳೆಯೇ ಸೀಟಿ.

ಮೊದಲ ಚೆಂಡು. ನಾನು ನೂಕಿದೆ, ತೆಲುಗು ಗೆಳೆಯ ನಿಲ್ಲಿಸಿದ, ಕಾಕಾನ ಮಗ ಎಳೆದು ಬೀಸಿದ. ತಮ್ಮ ಓಡಿದ ರೀತಿ ನೋಡಿ ನನಗೇ ಆಶ್ಚರ್ಯ. ಸ್ಟಿಕ್ಕನ್ನು ನೆಲಕ್ಕೆ ಚಾಚಿಕೊಂಡು ನೇರ ನುಗ್ಗಿದ. ರಬ್ಬರ್ ಚೆಂಡು ಸ್ಟಿಕ್ಕಿಗೆ ತಗಲಿ ಮೇಲಕ್ಕೆ ಚಿಮ್ಮಿತು. ಎಲ್ಲರೂ ಹೋ ಎಂದರು. "ವಾಹ್ ರೇ ಮಾದಾಪುರ!" ಎಂದು ಯಾರೋ ಸಿಳ್ಳೆ ಹೊಡೆದರು.

ತಮ್ಮ ಸ್ಟಿಕ್ಕನ್ನು ಹೆಗಲ ಮೇಲೆ ಇಟ್ಟುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಇಷ್ಟ ಏನ್ರಿ ಕಾಕಾ? ಇದಕ್ಕ ನಾಲ್ಕು ಹಲ್ಲು ಕೊಟ್ರೇನ್ರಿ? ಸ್ಟಿಕ್ ನೆಲಕ್ಕ ಇಟ್ಟಿದ್ರ ಸಾಕಿತ್ತಲ್ರಿ, ಬಾಯಿ ಯಾಕ ಇಟ್ರಿ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕಾ ಕೂಡ ನಕ್ಕರು. ಆದರೆ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಇಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕಟ್ಟಿಸಿದ ಹಲ್ಲನ್ನು ತೆಗೆದು ತೋರಿಸಿ ನಗುವ ಮನುಷ್ಯ. ಆ ಕೈಯನ್ನು ಅವರ ಮಗ ನೋಡಿದ. ನಾನೂ ನೋಡಿದೆ.

ಮಗ ಗೋಲಿನ ಹಿಂದೆ ಇಟ್ಟಿದ್ದ ತನ್ನ ಕಿಟ್ ಚೀಲದ ಹತ್ತಿರ ಹೋಗಿ ನೀರು ಕುಡಿದ. ತಿರುಗಿ ಬರುವಾಗ ಚೆಂಡನ್ನು ನೆಲದ ಮೇಲೆ ನನ್ನ ಕಡೆ ಉರುಳಿಸಿದ. ನಾನು ಸ್ಟಿಕ್ಕಿನಿಂದ ಅದನ್ನು ತಡೆದೆ.

ರಬ್ಬರ್ ಚೆಂಡು ಸ್ಟಿಕ್ಕಿಗೆ ತಗಲಿದರೆ ಕೈಗೆ ಏನೂ ಬರುವುದಿಲ್ಲ. ಇದು ಬಡಿದಾಗ ಠಣ್ ಎಂದಿತು, ಅದರುವಿಕೆ ಮಣಿಕಟ್ಟಿನಿಂದ ಮೊಣಕೈಗೆ ಹತ್ತಿತು. ಪಂದ್ಯದ ಚೆಂಡು. ಎರಡೂ ಬಿಳಿಯವು, ದೂರದಿಂದ ಒಂದೇ ಥರ ಕಾಣುತ್ತವೆ. ನಾನು ತಲೆ ಎತ್ತಿದೆ. ಕಾಕಾನ ಮಗ ನನ್ನನ್ನೇ ನೋಡುತ್ತಿದ್ದ. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಚೆಂಡನ್ನು ಗೆರೆಯ ಮೇಲೆ ಇಟ್ಟೆ.

ಇದೇ ನಾನು ಬಿಡುತ್ತಿದ್ದ ಸಂಗತಿ. ನನಗೆ ಗೊತ್ತಿತ್ತು. ಬಾಗಿ, ಚೆಂಡಿನ ಹಿಂದೆ ಸ್ಟಿಕ್ ಇಟ್ಟು, ಚಪ್ಪಾಳೆಗೆ ಕಾಯುತ್ತ ನಾನು ಯೋಚಿಸಿದ್ದೂ ಚೆನ್ನಾಗಿ ನೆನಪಿದೆ. ಒಂದು ಬೀಳಲಿ ಅವನಿಗೆ, ಕಾಲಿಗೆ. ಕಾಕಾನ ಮಗ ಕೆಳಗೇ ಹೊಡೆಯುತ್ತಾನೆ, ಮೊಣಕಾಲ ಕೆಳಗಿನ ಎಲುಬಿಗೆ ಒಂದು ಬೀಳಲಿ, ನಾಲ್ಕು ದಿನ ಕುಂಟಲಿ, ಕಾಕಾನ ಹಲ್ಲಿನ ಬೆಲೆ ತಿಳಿಯಲಿ.

ಕಾಕಾ ಚಪ್ಪಾಳೆ ತಟ್ಟಿದರು. ನಾನು ನೂಕಿದೆ. ಚೆನ್ನಾಗಿ ನೂಕಿದೆ. ಆ ವರ್ಷ ನಾನು ನೂಕಿದ ಅತಿ ಒಳ್ಳೆಯ ಚೆಂಡು ಅದೇ ಇರಬೇಕು.

ಗೆಳೆಯ ನಿಲ್ಲಿಸಿದ. ಸದ್ದಿನಲ್ಲೇ ಅವನಿಗೆ ತಿಳಿದಿರಬೇಕು, "ಅರೇ" ಎಂದದ್ದು ಕೇಳಿಸಿತು. ಅಷ್ಟರಲ್ಲಿ ಫ್ಲಿಕ್ ಆಗಿತ್ತು. ಮೊದಲ ಸಲದಂತೆಯೇ ತಮ್ಮ ಸ್ಟಿಕ್ಕನ್ನು ನೆಲಕ್ಕೆ ಚಾಚಿ, ಸೊಂಟ ಬಗ್ಗಿಸಿ, ಮುಖ ಮುಂದೆ ಮಾಡಿ ನುಗ್ಗಿದ್ದ. ಅನುಭವಿ ಓಟಗಾರರು ಹಾಗೆ ಬರುವುದಿಲ್ಲ. ಒಂದು ಪಕ್ಕಕ್ಕೆ ವಾಲಿ, ತಲೆಯನ್ನು ಚೆಂಡಿನ ದಾರಿಯಿಂದ ಹೊರಗಿಟ್ಟು ಓಡುತ್ತಾರೆ. ಅದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚೆಂಡು ಅವನ ಸ್ಟಿಕ್ಕಿನ ತುದಿಗೆ ತಾಗಿ ಮೇಲೆದ್ದಿತು. ಆಮೇಲೆ ಆ ಸದ್ದು.

ಅವನು ಬೀಳಲಿಲ್ಲ. ಇನ್ನೂ ಎರಡು ಹೆಜ್ಜೆ ಓಡಿದ. ಆಮೇಲೆ ಮೊಣಕಾಲೂರಿ ಕುಳಿತು ಎರಡೂ ಕೈಯಿಂದ ಮುಖ ಹಿಡಿದುಕೊಂಡ. ಬೆರಳುಗಳ ಸಂದಿಯಿಂದ ರಕ್ತ ಒಂದು ಧಾರೆಯಾಗಿ ಹಸಿರು ಹಾಸಿನ ಮೇಲೆ ಬೀಳತೊಡಗಿತು. ಅವನ ಬಾಯಿಂದ ಬಂದ ಸ್ವರವನ್ನು ನಾನು ಅವನಿಂದ ಹಿಂದೆಂದೂ ಕೇಳಿರಲಿಲ್ಲ, ಅದು ಅಳುವಲ್ಲ.

"ಏಳೋ," ಕಾಕಾನ ಮಗ ಕೂಗಿದ. "ಇನ್ನೊಂದು ಚೆಂಡು ಐತಿ. ಏಳೋ ಬಾಗಲಾ!"

ನನಗೆ ಮುಂದಿನದು ತುಂಡು ತುಂಡಾಗಿ ನೆನಪಿದೆ. ನನ್ನ ಕೈಯಲ್ಲಿ ಸ್ಟಿಕ್ ಇತ್ತು. ನಾನು ತಮ್ಮನ ಹತ್ತಿರ ಓಡಲಿಲ್ಲ, ಕಾಕಾನ ಮಗನ ಹತ್ತಿರ ಓಡಿದೆ. ಎರಡೂ ಕೈಯಲ್ಲಿ ಬೀಸಿ ಅವನ ಮೊಣಕೈಗೆ ಹೊಡೆದೆ. ಅವನ ಬಲಗೈ ಜೋತುಬಿತ್ತು. ಎರಡನೆಯ ಸಲ ಪಕ್ಕೆಗೆ ಹೊಡೆದೆ. ಮೂರನೆಯದಕ್ಕೆ ಎತ್ತಿದಾಗ ತೆಲುಗು ಗೆಳೆಯ ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದ. "ಒದ್ದಕ್ಕಾ, ಒದ್ದು," ಬೇಡ ಅಕ್ಕಾ ಬೇಡ ಎಂದು ಕಿವಿಯಲ್ಲಿ ಕಿರುಚುತ್ತಿದ್ದ. ನಾನು ಕೈ ಕಚ್ಚಿದರೂ ಅವನು ಬಿಡಲಿಲ್ಲ. ನನ್ನ ಎರಡೂ ಕೈ ಅವನ ಹಿಡಿತದಲ್ಲಿದ್ದಾಗ ಕಾಕಾನ ಮಗ ಎಡಗೈಯಲ್ಲಿ ತನ್ನ ಸ್ಟಿಕ್ ಎತ್ತಿಕೊಂಡು ನನ್ನ ತಲೆಗೆ ಬೀಸಿದ. ಅವನ ಕಣ್ಣಲ್ಲಿ ನಾನು ಯಾರೂ ಆಗಿರಲಿಲ್ಲ.

ಆ ಸ್ಟಿಕ್ ನನಗೆ ಮುಟ್ಟಲಿಲ್ಲ. ಎಡಗಡೆಯಿಂದ ಕಾಕಾ ಬಂದರು. ಆ ಮೊಣಕಾಲಿನಲ್ಲಿ ಅಷ್ಟು ಬೇಗ ಹೇಗೆ ಬಂದರೋ. ಸ್ಟಿಕ್ ಅವರ ಕತ್ತಿನ ಬುಡಕ್ಕೆ, ಹೆಗಲ ಮುಂದಿನ ಎಲುಬಿಗೆ ಬಿತ್ತು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ಕಾಕಾ ಕುಸಿಯುತ್ತ ಮಗನ ಅಂಗಿಯನ್ನು ಹಿಡಿದುಕೊಂಡರು. "ಸಾಕ್ ಮಗನ," ಎಂದರು. "ಸಾಕ್." ಮಗ ಸ್ಟಿಕ್ ಎಸೆದು ಗೋಲಿನ ಕಂಬಕ್ಕೆ ಹೋಗಿ ತನ್ನ ಹಣೆ ಚಚ್ಚಿಕೊಳ್ಳತೊಡಗಿದ. ಮೂರು ಜನ ಅವನನ್ನು ಎಳೆದರು. ಇನ್ನೊಂದು ಕಡೆ ಆ ಗದ್ದಲದಲ್ಲಿ, ಇದಕ್ಕೆ ಸಂಬಂಧವೇ ಇಲ್ಲದ ಇಬ್ಬರು, ಹಿಂದೆ ಸ್ಕೂಟರಿನ ಕನ್ನಡಿ ಒಡೆದ ಜಗಳದವರು, ಒಬ್ಬರನ್ನೊಬ್ಬರು ಮಣ್ಣಿಗೆ ಕೆಡವಿ ಗುದ್ದಿಕೊಳ್ಳುತ್ತಿದ್ದರು.

ತಮ್ಮ ಇನ್ನೂ ಮೊಣಕಾಲ ಮೇಲೆಯೇ ಇದ್ದ. ಅವನ ಹತ್ತಿರ ಮೊದಲು ಹೋದವಳು ನಾನಲ್ಲ ಎಂಬುದನ್ನು ಇವತ್ತಿಗೂ ನುಂಗಲಾರೆ. ಹೋದಾಗ ಅವನು ಕೇಳಿದ: "ಅಕ್ಕಾ, ಕಣ್ಣು ಐತೇನು ನೋಡು." ಕೈ ತೆಗೆಸಿ ನೋಡಿದೆ. ಕಣ್ಣು ಇರುವ ಜಾಗದಲ್ಲಿ ಊದಿದ ಮಾಂಸದ ಒಂದು ಗೆರೆ ಮಾತ್ರ ಇತ್ತು. "ಐತಿ," ಎಂದೆ.

ಕಾರ್ಖಾನೆಯ ದವಾಖಾನೆಯಲ್ಲಿ ಗಾಯ ಒರೆಸಿ, ಪಟ್ಟಿ ಕಟ್ಟಿ, ಎಕ್ಸ್-ರೇ ತೆಗೆದು, ನಾಂಪಲ್ಲಿಯ ಆಚೆಗಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಆಂಬುಲೆನ್ಸ್ ಸಿಗುವಾಗ ಮಧ್ಯಾಹ್ನ ದಾಟಿತ್ತು. ತಮ್ಮ ಮಲಗಿದ್ದ, ಕಾಕಾ ಜೋಳಿಗೆಯಂತೆ ಕಟ್ಟಿದ ಕೈಯೊಂದಿಗೆ ಅವನ ತಲೆಯ ಹತ್ತಿರ ಕುಳಿತಿದ್ದರು. ಭಾನುವಾರ ಸಂಜೆ, ವರ್ಷಕ್ಕೊಮ್ಮೆ ಜನವರಿಯಲ್ಲಿ ನಡೆಯುವ ಎಕ್ಸಿಬಿಷನ್ ಜಾತ್ರೆಯ ಜನ. ನಾಂಪಲ್ಲಿಯಲ್ಲಿ ಗಾಡಿ ನಿಂತುಬಿಟ್ಟಿತು. ಸೈರನ್ ಕೂಗುತ್ತಲೇ ಇತ್ತು, ಯಾರಿಗೂ ಸರಿಯಲು ಜಾಗವಿರಲಿಲ್ಲ. ಡ್ರೈವರ್ ಬಾಗಿಲು ಗುದ್ದಿ ಗುದ್ದಿ ಬೈಯುತ್ತಿದ್ದ. ತಮ್ಮ ಎರಡು ಸಲ ರಕ್ತ ವಾಂತಿ ಮಾಡಿಕೊಂಡ. ಮೂಗಿನಿಂದ ಒಳಗಿಳಿದ ರಕ್ತ ಅದು ಎಂದು ಆಮೇಲೆ ಗೊತ್ತಾಯಿತು. ಆಗ ಇವನು ಸತ್ತೇಹೋಗುತ್ತಾನೆ ಎಂದುಕೊಂಡೆ. ಕಾಕಾ ಸರಿ ಇದ್ದ ಕೈಯಿಂದ ಅವನ ಹಣೆಯನ್ನು ಒತ್ತಿ ಹಿಡಿದು, "ಉಸರು ಬಾಯಿಂದ ತಗೋ. ಬಾಯಿಂದ. ನಾ ಅದೀನಿ," ಎನ್ನುತ್ತಲೇ ಇದ್ದರು.

ಆಸ್ಪತ್ರೆಯ ಬಾಗಿಲಲ್ಲೇ ಪೊಲೀಸ್ ಪೇದೆ. ಹೊಡೆದಾಟದ ಗಾಯವಾದರೆ ಅವನು ಬರೆದುಕೊಳ್ಳಲೇಬೇಕು. "ಎಟ್ಲ ತಗಿಲಿಂದಮ್ಮಾ?" ಹೇಗೆ ಪೆಟ್ಟಾಯಿತು ಎಂದು ಕೇಳಿದ.

"ಆಟಲೋ ಸಾರ್. ಬಾಲ್ ತಗಿಲಿಂದಿ," ಎಂದೆ. ಆಟದಲ್ಲಿ ಚೆಂಡು ಬಡಿಯಿತು.

"ಪೆದ್ದಾಯನಕಿ?" ಹಿರಿಯರಿಗೇನಾಯಿತು ಎಂದ.

"ಪಡ್ಡಾನು," ಬಿದ್ದೆ ಎಂದರು ಕಾಕಾ, ನನ್ನತ್ತ ನೋಡದೆ.

ಪೇದೆ ನನ್ನ ಅಂಗಿಯ ಹರಿದ ತೋಳನ್ನು, ಗಲ್ಲದ ಮೇಲಿನ ರಕ್ತವನ್ನು ನೋಡಿದ. ಏನೋ ಹೇಳಲಿದ್ದ. ಸ್ಟ್ರೆಚರಿನಲ್ಲಿ ಮಲಗಿದ್ದ ನನ್ನ ತಮ್ಮ ಕೈ ಎತ್ತಿ, ಹೌದು, ಆಟದಲ್ಲೇ ಎಂಬಂತೆ ಬೆರಳಾಡಿಸಿದ. ಪೇದೆ ಬರೆದುಕೊಂಡು ಹೋದ.

ಕಣ್ಣಿನ ಕೆಳಗಿನ ಎಲುಬು ಮೂರು ಕಡೆ ಮುರಿದಿತ್ತು. ಎರಡು ಶಸ್ತ್ರಚಿಕಿತ್ಸೆ ಆಯಿತು. ಕಣ್ಣಿನ ಒಳಗೆ ರಕ್ತ ತುಂಬಿದೆ, ಅದು ಕರಗುವವರೆಗೆ ದೃಷ್ಟಿಯ ಮಾತು ಹೇಳಲಾಗುವುದಿಲ್ಲ ಎಂದರು ಡಾಕ್ಟರ್. ಆ ಏಳು ವಾರ ದಿನಾ ಬೆಳಿಗ್ಗೆ ಅವನ ಬಲಗಣ್ಣು ಮುಚ್ಚಿ ನಾನು ಬೆರಳು ತೋರಿಸುತ್ತಿದ್ದೆ. ಅವನು ಊಹಿಸುತ್ತಿದ್ದ. "ಎರಡು." ನಾನು ತೋರಿಸಿದ್ದು ನಾಲ್ಕು. "ಸರಿ ಐತಿ," ಎಂದು ಮೊದಮೊದಲು ಸುಳ್ಳು ಹೇಳಿದೆ. ಅವನು ನನ್ನ ಕೈ ಮುಟ್ಟಿ ನೋಡಿ ಎಣಿಸಿದ ಮೇಲೆ ನಿಲ್ಲಿಸಿದೆ.

ನಿದ್ದೆಯಲ್ಲಿ ನನ್ನ ಕೈ ನೂಕುತ್ತಿತ್ತು. ಕಾರ್ಖಾನೆಯಲ್ಲಿ ಯಾರದೋ ಬೀಳ್ಕೊಡುಗೆಗೆ ಎಲ್ಲರೂ ಚಪ್ಪಾಳೆ ತಟ್ಟಿದಾಗ ನನ್ನ ಬಲ ಮಣಿಕಟ್ಟು ತಾನಾಗಿ ಮುಂದೆ ಚಿಮ್ಮಿ ಟೇಬಲ್ಲಿನ ಮೇಲಿದ್ದ ಬಿಡಿಭಾಗಗಳೆಲ್ಲ ನೆಲಕ್ಕೆ ಚೆಲ್ಲಿದವು. ಕಾಕಾನ ಮಗ ಎರಡು ಸಲ ಮನೆಯ ಬಾಗಿಲಿಗೆ ಬಂದ, ಕೈಗೆ ಪ್ಲಾಸ್ಟರ್, ಹಣೆಯಲ್ಲಿ ಹೊಲಿಗೆ. ತಮ್ಮ ಒಳಗಿನಿಂದಲೇ "ಹೋಗಂತ ಹೇಳು" ಎಂದ. ಮೂರನೆಯ ಸಲ ಅವನು ಬರಲಿಲ್ಲ.

"ಅವ ಚೆಂಡು ಬದಲಿ ಮಾಡ್ಯಾನ, ಅಕ್ಕಾ," ಎಂದು ತಮ್ಮ ಒಂದು ದಿನ ಹೇಳಿದ. "ನೀರು ಕುಡ್ಯಾಕ ಹೋದಾಗ. ನನಗ ಆಮ್ಯಾಲೆ ಹೊಳೀತು. ನಿನಗೂ ಗೊತ್ತಾಗಿರಲಿಕ್ಕಿಲ್ಲ, ಬಿಡು. ಎರಡೂ ಬಿಳೇವ."

ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಅಂದಿನಿಂದ ಅವನು ಹಾಕಿ ನೋಡಲಿಲ್ಲ. ಆ ಹಿರಿಯ ಡಿಫೆಂಡರನನ್ನು ತಂಡ ಮುಂದಿನ ವರ್ಷಕ್ಕೆ ಬಿಟ್ಟಿತು ಎಂಬ ಸುದ್ದಿಯನ್ನು ಮೊಬೈಲಿನಲ್ಲಿ ನಾನೇ ಓದಿ ಹೇಳಿದೆ. "ಯಾರನ್ನ ತಗೊಂಡ್ರು?" ಎಂದ. ಒಬ್ಬ ಫ್ಲಿಕರ್ ಎಂದೆ. ಅವನು ಗೋಡೆ ಕಡೆ ಹೊರಳಿದ.

ಎಂಟನೆಯ ವಾರ ಡಾಕ್ಟರ್ ಕೊನೆಯ ಪರೀಕ್ಷೆ ಮಾಡಿದರು. ಎಡಗಣ್ಣಿಗೆ ಬೆಳಕು ಮತ್ತು ನೆರಳು ತಿಳಿಯುತ್ತದೆ, ಅಷ್ಟೇ. ಇನ್ನು ಬದಲಾಗುವುದಿಲ್ಲ. ಮರುದಿನ ಬೆಳಿಗ್ಗೆ ಅವನು ಅಡಿಗೆಮನೆಯ ಹೊಸ್ತಿಲ ಹತ್ತಿರ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ನಾನು ಒಲೆಗೆ ಬೆನ್ನು ಕೊಟ್ಟು ನಿಂತು ಹೇಳಿದೆ.

"ಎರಡನೇ ಚೆಂಡು ಗಟ್ಟಿದು ಅಂತ ನನಗ ಗೊತ್ತಿತ್ತು."

ಅವನು ಲೋಟವನ್ನು ತುಟಿಯಿಂದ ಇಳಿಸಿದ. "ಯಾವಾಗ ಗೊತ್ತಾತು?"

"ಸ್ಟಿಕ್ಕಿಗೆ ಬಡದ ಕೂಡಲೇ. ನೂಕೂದಕ್ಕಿಂತ ಮೊದಲು."

"ಗೊತ್ತಿದ್ದೂ ನೂಕಿದಿ."

"ಹೂಂ."

"ಯಾಕ?"

ಕೈ ತಾನೇ ಹೋಯಿತು, ಚಪ್ಪಾಳೆ ಕೇಳಿದರೆ ನನ್ನ ಕೈ ನಿಲ್ಲುವುದಿಲ್ಲ ಎಂದು ಹೇಳಲು ತಯಾರಾಗಿದ್ದೆ. ಅದು ಅರ್ಧ ಮಾತ್ರ. "ನಿನ್ನ ಮ್ಯಾಲ ಸಿಟ್ಟಿತ್ತು," ಎಂದೆ. "ಕಾಲಿಗೆ ಬಡೀಲಿ ಅನಕೊಂಡೆ."

ಅವನು ಕೈಯಲ್ಲಿದ್ದ ಸ್ಟೀಲಿನ ಲೋಟವನ್ನು ನನ್ನತ್ತ ಬೀಸಿ ಒಗೆದ. ನಾನು ಅಲ್ಲಾಡಲಿಲ್ಲ. ಲೋಟ ನನ್ನ ಕಿವಿಯಿಂದ ಒಂದು ಗೇಣು ದೂರ ಗೋಡೆಗೆ ಬಡಿದು ನಜ್ಜಾಯಿತು, ಬಿಸಿ ಚಹಾ ಹೆಗಲ ಮೇಲೆ ಹರಿಯಿತು. ಅವನು ಗೋಡೆಯ ಮೇಲಿನ ಕಲೆಯನ್ನು ನೋಡುತ್ತ ಕುಳಿತ.

"ತಲೀಗೆ ಗುರಿ ಇಟ್ಟಿದ್ದೆ," ಎಂದ. "ದೂರ ತಿಳಿಯವಲ್ದು ಈಗ."

ಮಧ್ಯಾಹ್ನದ ಹೊತ್ತಿಗೆ ಬಟ್ಟೆ ತುಂಬಿಕೊಂಡ. ಆಫೀಸಿನ ಹತ್ತಿರ ಮಾದಾಪುರದಲ್ಲೇ ಒಂದು ಹಾಸ್ಟೆಲ್ಲಿನಲ್ಲಿ ಕೋಣೆ ಸಿಕ್ಕಿದೆಯಂತೆ. ಹೋಗಬೇಡ ಎನ್ನುವ ಹಕ್ಕು ನನಗಿರಲಿಲ್ಲ, ಅನ್ನಲಿಲ್ಲ. ಅವ್ವನಿಗೆ ಏನು ಹೇಳಲಿ ಎಂದು ಕೇಳಿದೆ. "ಖರೆ ಹೇಳು," ಎಂದ. "ಇಲ್ಲಂದ್ರ ನಾ ಹೇಳ್ತೀನಿ."

ಹೊರಡುವಾಗ ಬಾಗಿಲಿನ ಚೌಕಟ್ಟಿಗೆ ಎಡ ಹೆಗಲು ಬಡಿಸಿಕೊಂಡ. ನಾನು ಚೀಲಕ್ಕೆ ಕೈ ಚಾಚಿದೆ, ಕೊಡಲಿಲ್ಲ. ಆಟೋ ಗೇಟಿನ ಹೊರಗೆ ನಿಂತಿತ್ತು. ಕಾಲ್ದಾರಿಯಲ್ಲಿ ಅವನ ಪಕ್ಕ ನಡೆಯುತ್ತ ಹೋದೆ. ಅರ್ಧ ದಾರಿಯಲ್ಲಿ ಅವನು ತಟ್ಟನೆ ನಿಂತ, ಗಾಬರಿಯಿಂದ ತಲೆ ತಿರುಗಿಸಿದ. ನಾನು ಅಲ್ಲಿದ್ದದ್ದು ಅವನಿಗೆ ಗೊತ್ತಾಗಿರಲಿಲ್ಲ.

"ಎಡಕ್ಕ ಬರಬ್ಯಾಡ, ಅಕ್ಕಾ," ಎಂದ. "ಕಾಣಂಗಿಲ್ಲ. ಯಾರೋ ಹೊಡ್ಯಾಕ ಬಂದಂಗ ಆಕ್ಕೈತಿ."

ನಾನು ಸುತ್ತಿ ಅವನ ಬಲಕ್ಕೆ ಬಂದೆ. ಆಟೋವರೆಗೆ ಇಬ್ಬರೂ ಹಾಗೇ ನಡೆದೆವು.